ಷರಾ ಬೇಡ

ಗೊತ್ತಿಲ್ಲದೆ ಮಾಡಿದ ತಪ್ಪುಗಳು ನನ್ನ ಹೆಸರಿನಲ್ಲಿ ಸಾಕಷ್ಟಿವೆ. ಬೇಕೆಂದೇ ಮಾಡಿದ್ದು ಒಂದೇ. ಯಾದಗಿರಿಯ ಒಂದು ಸಣ್ಣ ಪತ್ರಿಕೆಯಲ್ಲಿ ಸುದ್ದಿ ಬರೆಯುವ, ತಿದ್ದುವ ಕೆಲಸ ನನ್ನದು. ಅಂಥವನು ಸರಿಯಾಗಿದ್ದ ಪುಟಸಂಖ್ಯೆಯನ್ನು ಮೂರರಿಂದ ಐದಕ್ಕೆ ಬದಲಾಯಿಸಿ, ಏನೂ ಆಗದವನಂತೆ ಚಹಾ ಕುಡಿಯಲು ಹೋದೆ. ಯಾಕೆಂದು ಹೇಳಬೇಕಾದರೆ ಡೇಟಾಬೇಸಿನ ವಿಷಯ ಸ್ವಲ್ಪ ಹೇಳಬೇಕು. ಹೆದರಬೇಡಿ, ನನಗೂ ಸ್ವಲ್ಪವೇ ಗೊತ್ತು.

ನಮ್ಮಲ್ಲಿ ಅಚ್ಚಾದ ಪ್ರತಿ ಸುದ್ದಿಗೂ ಕಂಪ್ಯೂಟರಿನಲ್ಲಿ ಒಂದು ಸಾಲು ಇರುತ್ತದೆ: ತಾರೀಖು, ಊರು, ವಿಷಯ, ಪುಟ. ಕೊನೆಯಲ್ಲಿ ಷರಾ ಎಂಬ ಖಾನೆ. ಅಚ್ಚಾದದ್ದರಲ್ಲಿ ತಪ್ಪು ಕಂಡರೆ ಅಲ್ಲಿ ಬರೆಯಬೇಕೆಂಬುದು ಕಚೇರಿಯ ಪದ್ಧತಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಚೇರಿಗಳ ಸಾಲುಗಳು ಒಂದೇ ಡೇಟಾಬೇಸಿಗೆ ಬಂದು ಸೇರುತ್ತವೆ. ಅದು ಹಳೆಯದಾಯಿತು, ಹೊಸ ಆವೃತ್ತಿಗೆ ಹೋಗಬೇಕು ಎಂದು ಕಲಬುರಗಿಯಿಂದ ಬಸವರಾಜ ಎಂಬ ಎಂಜಿನಿಯರ್ ಬಂದ. ಇವತ್ತು ಹಳೆಯದನ್ನು ಮುಚ್ಚಿ ನಾಳೆ ಹೊಸದನ್ನು ತೆರೆಯುತ್ತಾನೆ ಎಂದುಕೊಂಡಿದ್ದೆ.

“ಹಂಗ ಮಾಡಿದ್ರ ಮುಳುಗಿದಂಗ್ರಿ ಸರ್,” ಎಂದ. “ಹಳೇ ಸಾಲೆಲ್ಲಾ ಹೊಸದಕ್ಕ ಹಾಕಿ ಎರಡೂ ಜೋಡೀಲೆ ಓಡಸಬೇಕು. ಒಂದ್ ಸುದ್ದಿ ತುಂಬಿದ್ರ ಎರಡಕ್ಕೂ ಹೋಗ್ತದ. ದಿನಾ ಸಂಜಿಗೆ ತಾಳೆ ನೋಡೂದು. ಇಪ್ಪತ್ತೊಂದು ದಿನ ಸತತ ಹೊಂದಿದ್ರ ಹಳೇದಕ್ಕ ರಜಾ.”

“ನಡುವ ಒಂದಿನ ತಪ್ಪಿದ್ರ?”

“ಮತ್ತ ಒಂದರಿಂದ ಎಣಸೂದ್ರಿ.”

ಇದು ನಮ್ಮ ಸೀಮೆಗೆ ಹೊಸದೇನಲ್ಲ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದ ನನ್ನ ಅಜ್ಜ, ಕಚೇರಿಗಳಿಗೆ ಕನ್ನಡ ಬಂದ ಮೇಲೂ ಬಹಳ ವರ್ಷ ಎರಡೂ ಲಿಪಿಯಲ್ಲಿ ರುಜು ಹಾಕುತ್ತಿದ್ದ. ಒಂದನ್ನು ನಂಬದವರು ಇನ್ನೊಂದನ್ನು ನಂಬಲಿ ಎಂದು. ಶಹಾಪುರದ ಕಡೆ ಕಾಲುವೆ ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದಾಗ ನನ್ನ ಸೋದರತ್ತೆಯ ಮನೆಯಲ್ಲಿ ಎರಡು ಒಲೆ ಉರಿದವು, ಒಂದರ ಮೇಲೆ ರೊಟ್ಟಿ, ಇನ್ನೊಂದರ ಮೇಲೆ ಅನ್ನ. ಮಾವ ತಟ್ಟೆ ತುಂಬ ಅನ್ನ ಉಂಡು ಮುಗಿಸಿ, “ಇನ್ನ ಊಟಕ್ಕ ಕೊಡು,” ಎಂದು ರೊಟ್ಟಿಗೆ ಕೈ ಚಾಚುತ್ತಿದ್ದ. ಬಳಿಚಕ್ರದ ನಮ್ಮ ಹೊಲಕ್ಕೆ ಕಾಲುವೆಯೇ ಬರಲಿಲ್ಲವಾದ್ದರಿಂದ ನಾವು ಮಾತ್ರ ಹಳೆಯ ಆವೃತ್ತಿಯಲ್ಲೇ ಉಳಿದೆವು.

ಹೊಸದರಲ್ಲಿ ಯಾವ ಖಾನೆಗಳು ಬೇಕೆಂದು ಪಟ್ಟಿ ಮಾಡಿಕೊಟ್ಟವನು ನಾನೇ. ಷರಾದ ಎದುರಿಗೆ ‘ಬೇಡ’ ಎಂದು ಬರೆದಿದ್ದೆ. ತಿದ್ದುಪಡಿಗಳು ಪತ್ರಿಕೆಯಲ್ಲೇ ಅಚ್ಚಾಗುತ್ತವೆ, ಇಲ್ಲೇಕೆ ಇನ್ನೊಮ್ಮೆ ಎಂಬುದು ನಾನು ಕೊಟ್ಟ ಕಾರಣ. ಕೊಡದ ಕಾರಣ ಬೇರೆ. ಹಳೆಯದರಲ್ಲಿ ಷರಾ ಕಾಣುತ್ತಿದ್ದುದು ಸುದ್ದಿ ತುಂಬಿದವರಿಗೆ ಮತ್ತು ತಿದ್ದುವ ನನಗೆ ಮಾತ್ರ. ಹೊಸದರಲ್ಲಿ ಮೂರೂ ಕಚೇರಿಯವರಿಗೆ ಎಲ್ಲವೂ ಕಾಣುತ್ತದೆ. ಆ ಖಾನೆಯಲ್ಲಿ ಸುಜಾತಾ ಇದ್ದರು.

ಸುಜಾತಾ ನಮ್ಮ ಶಹಾಪುರ ಕಚೇರಿಯಲ್ಲಿ ಒಂಬತ್ತು ವರ್ಷ ಸುದ್ದಿ ತುಂಬಿದವರು. ಆಮೇಲೆ ಮದುವೆಯಾಗಿ ಸಿಂಧನೂರಿಗೆ ಹೋದರು. ಮುಚ್ಚುವ ಮುನ್ನ ಒಮ್ಮೆ ನೋಡಿಬಿಡೋಣ ಎಂದು ಅವರ ಷರಾಗಳನ್ನು ತೆರೆದೆ. ತೆರೆಯಬಾರದಿತ್ತು.

ಕಾಲುವೆಯ ನೀರು ಕೊನೆಯ ಹೊಲ ಮುಟ್ಟಿತು ಎಂಬ ನನ್ನ ವರದಿಗೆ ಅವರ ಷರಾ: “ಮುಟ್ಟಿಲ್ರಿ. ಬಂದು ನೋಡ್ರಿ.” ಕೆಳಗೆ ನನ್ನ ಉತ್ತರ: “ಅಧಿಕಾರಿಗಳಿಂದ ಖಚಿತಪಡಿಸಿಕೊಳ್ಳಲಾಗಿದೆ.” ಅದರ ಕೆಳಗೆ ಮತ್ತೆ ಅವರು: “ಅಧಿಕಾರಿ ಅಂದ್ರ ನೀರಲ್ರಿ. ನೀವೇ ಬರ್ರಿ.” ಯಾದಗಿರಿಯಿಂದ ಶಹಾಪುರಕ್ಕೆ ಬೇಕಾದಷ್ಟು ಬಸ್ಸುಗಳಿವೆ. ನಾನು ಫೋಟೋಗ್ರಾಫರನನ್ನು ಕಳಿಸಿದೆ. ಅವನು ತಂದ ಚಿತ್ರದ ಕೆಳಗೆ ಅವಸರದಲ್ಲಿ ಸುರಪುರ ಎಂದು ಹಾಕಿದೆ. ಅದಕ್ಕೊಂದು ಷರಾ ಬಂತು: “ಚಿತ್ರ ಚಂದ ಬಂದದ. ಆದ್ರ ಇದು ಸುರಪುರ ಅಲ್ಲ, ಶಹಾಪುರ. ಎಡಕ್ಕ ದಂಡಿ ಮ್ಯಾಲ ನಿಂತಾಕಿ ನಾನೇ.” ನಾನು ಬರೆದದ್ದು: “ಊರಿನ ಹೆಸರು ತಿದ್ದಲಾಗಿದೆ. ಧನ್ಯವಾದ.”

ಇಂಥವು ಪುಟಗಟ್ಟಲೆ ಇದ್ದವು. ಆಗ ಇಬ್ಬರಿಗೂ ಮದುವೆಯಾಗಿರಲಿಲ್ಲ. ನನಗೆ ಈಗಲೂ ಆಗಿಲ್ಲ. ಕಚೇರಿಯ ಫೋನಿನಲ್ಲಿ ಸುದ್ದಿ ಬಿಟ್ಟು ಬೇರೆ ಮಾತಾಡಬಾರದೆಂಬ ನಿಯಮವನ್ನು ಇಡೀ ಜಿಲ್ಲೆಯಲ್ಲಿ ಪಾಲಿಸಿದವನು ನಾನೊಬ್ಬನೇ ಇರಬೇಕು. ಯಾರು, ಎಲ್ಲಿ, ಯಾವಾಗ, ಏಕೆ ಎಂದು ಕೇಳುವುದನ್ನೇ ಕಸುಬು ಮಾಡಿಕೊಂಡವನಿಗೆ, ಈಕೆ ನನ್ನನ್ನು ಏಕೆ ಕರೆಯುತ್ತಿದ್ದಾರೆ ಎಂದು ಕೇಳಿಕೊಳ್ಳಲು ಒಂಬತ್ತು ವರ್ಷ ಹೊಳೆಯಲಿಲ್ಲ. ಕೆಲಸ ಬಿಟ್ಟ ದಿನ ಅವರು ಬರೆದ ಕೊನೆಯ ಷರಾ ಇದು: “ಈ ವರದಿಯಾಗ ತಪ್ಪು ಸಿಗಲಿಲ್ರಿ. ಭಾಳ ಹುಡುಕಿದೆ.”

ಅದನ್ನು ಓದಿದ್ದು ಹದಿನೇಳನೆಯ ದಿನ. ಆ ಸಂಜೆಯೂ ಸೇರಿ ಇನ್ನು ಐದು ಸಂಜೆ ತಾಳೆಯಾದರೆ ಎಲ್ಲ ಹೋಗುತ್ತದೆ. ಪುಟಸಂಖ್ಯೆಯ ಕೆಲಸ ನಾನು ಮಾಡಿದ್ದು ಆಗ. ಹಳೆಯದರಲ್ಲಿ ಮಾತ್ರ, ಶಹಾಪುರದ ಒಂದು ಸಾಲಿಗೆ. ಸಂಜೆ ತಾಳೆ ತಪ್ಪಿತು. ಎಣಿಕೆ ಒಂದಕ್ಕೆ ಬಂತು.

ಅನುಮಾನ ಯಾರ ಮೇಲೆ ಹೋಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಅದು ಹೋದದ್ದು ಶಹಾಪುರದಲ್ಲಿ ಈಗ ಸುದ್ದಿ ತುಂಬುವ ರೇಣುಕಾಳ ಮೇಲೆ. ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಮರುದಿನ ಅವಳ ಫೋನ್ ಬಂತು.

“ಸರ್, ನಾ ಮೂರು ಅಂತ ಬರಾಬರ್ ಹಾಕೀನ್ರಿ. ನಮ್ಮವ್ವನ ಆಣಿ. ನನ್ನ ಕೆಲಸದಿಂದ ತಗೀತಾರೇನ್ರಿ?”

“ಇಲ್ಲವಾ. ತಪ್ಪು ನಿಂದಲ್ಲ.”

“ಮತ್ತ ಯಾರದ್ರಿ?”

ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಯಾವ ಮಂತ್ರಿಗೂ ಕೇಳಿದವನಲ್ಲ. “ನಂದು,” ಎಂದೆ. ಬಸವರಾಜನಿಗೂ ಹೇಳಿದೆ, ಕಾರಣದ ಸಮೇತ. ಅವನು ಆ ಖಾನೆಯನ್ನು ತೆರೆದು ನೋಡಲಿಲ್ಲ. ಅದು ಅವನ ದೊಡ್ಡತನ.

“ಷರಾನೂ ಹೊಸದಕ್ಕ ತರೋಣೇನ್ರಿ ಸರ್? ಎರಡ್ ದಿನದ ಕೆಲಸ.”

“ಎಲ್ಲಾರಿಗೂ ಕಾಣ್ತದಲ್ಲಪಾ?”

“ಕಾಣ್ತದ್ರಿ.”

“ಹಂಗಾದ್ರ ಬ್ಯಾಡ.”

“ನಿಮಗಷ್ಟೇ ಒಂದು ಪ್ರಿಂಟ್ ತಗದ್ ಕೊಡ್ಲಿ?”

ಅದೂ ಬೇಡ ಎಂದೆ. ಸಿಂಧನೂರಿನಲ್ಲಿ ಸಂಸಾರ ಮಾಡಿಕೊಂಡಿರುವವರ ಮಾತನ್ನು ನನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವ ಹಕ್ಕು ನನಗೆಲ್ಲಿಂದ ಬಂತು? ಬಂದು ನೋಡ್ರಿ ಎಂದಾಗ ಹೋಗದವನಿಗೆ ನಕಲು ಪ್ರತಿ ಯಾಕೆ?

ಆದರೂ ಸುಳ್ಳು ಹೇಳಲಾರೆ, ನನ್ನ ಆ ತಪ್ಪಿನಿಂದ ಮತ್ತೆ ಇಪ್ಪತ್ತೊಂದು ದಿನ ಸಿಕ್ಕಿದ್ದಕ್ಕೆ ಖುಷಿಯಾಗಿತ್ತು. ದಿನಾ ಬೆಳಿಗ್ಗೆ ಬೇರೆಯವರು ಬರುವ ಮೊದಲು ಒಂದಿಷ್ಟು ಷರಾ ಓದುತ್ತಿದ್ದೆ, ಶೇಂಗಾ ಉಂಡಿಯನ್ನು ಮುರಿದು ಮುರಿದು ತಿನ್ನುವವರ ಹಾಗೆ. ಇಪ್ಪತ್ತೊಂದನೆಯ ಸಂಜೆ ಎರಡೂ ಅಕ್ಷರಕ್ಕೆ ಅಕ್ಷರ ಹೊಂದಿದವು. ಬಸವರಾಜ ನನ್ನ ಮುಖ ನೋಡಿದ.

“ಮುಚ್ಚು,” ಎಂದೆ.

ಹೊಸದು ಚೆನ್ನಾಗಿದೆ, ಹೆಸರಿಡುವಂತಿಲ್ಲ. ಕೇಳಿದ್ದನ್ನು ರೆಪ್ಪೆ ಬಡಿಯುವಷ್ಟರಲ್ಲಿ ತಂದಿಡುತ್ತದೆ. ಮೊನ್ನೆ ಕೆಲಸವಿಲ್ಲದ ಹೊತ್ತಿನಲ್ಲಿ, ಶಹಾಪುರದ ಕಾಲುವೆಯ ಬಗ್ಗೆ ಆ ಒಂಬತ್ತು ವರ್ಷ ನಾನು ಬರೆದದ್ದನ್ನೆಲ್ಲ ಕೇಳಿದೆ. ಸಾಲಾಗಿ ಬಂದು ನಿಂತವು. ನೀರು ಬಿಟ್ಟಿದ್ದಾರೆ, ಕೊನೆಯ ಹೊಲ ಮುಟ್ಟಿದೆ, ಯಾರೂ ಅಲ್ಲಗಳೆದಿಲ್ಲ. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ. ಹೊಸ ಡೇಟಾಬೇಸಿನ ಪ್ರಕಾರ ಆ ಒಂಬತ್ತು ವರ್ಷಗಳಲ್ಲಿ ನಾನು ಒಂದೂ ತಪ್ಪು ಮಾಡಿದವನಲ್ಲ.