ಡಾಕ್ಟರ ಎರಡು ಮೆಟ್ಟಿಲು

ಕಳೆದ ತಿಂಗಳು ತಮ್ಮನಿಗೆ ಟ್ರೆಡ್‌ಮಿಲ್ ಪರೀಕ್ಷೆ ಇತ್ತು. ನರ್ಸ್ ಅವನ ಎದೆಗೆ ಸ್ಪಿರಿಟ್ಟಿನ ಹತ್ತಿ ಒರೆಸಿದಳು ನೋಡಿ, ಆ ಘಾಟು ಮೂಗಿಗೆ ಬಡಿದದ್ದೇ ತಡ, ಶಿರಸಿಯ ನಮ್ಮ ಡಾಕ್ಟರು ಕಣ್ಣ ಮುಂದೆ ಬಂದು ನಿಂತರು. ಅರವತ್ತರ ದಶಕದ ಮಾತು...

ನಾವು ಬನವಾಸಿ ಕಡೆಯವರು. ಚಿಕ್ಕವಳಿದ್ದಾಗ ಕೀಲುಜ್ವರ ಬಂದು ನನ್ನ ಎದೆಯಲ್ಲೊಂದು ಸದ್ದು ಉಳಿದಿತ್ತು. ಅಷ್ಟೇ ಸಾಕಾಯಿತು ಮಂದಿಗೆ. ಕೊಡ ಎತ್ತಬೇಡ, ಓಡಬೇಡ, ಜೋರಾಗಿ ನಗಲೂಬೇಡ! ಹದಿನೆಂಟಕ್ಕೆ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತು. ಮೈ ಗಟ್ಟಿಯಿದೆ ಎಂದು ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ಅದು ಸಿಗದಿದ್ದರೆ ನಾವಿದ್ದ ದೊಡ್ಡಪ್ಪನ ಮನೆಯ ಮೂಲೆಯೇ ನನಗೆ ಕೊನೆತನಕ ಗತಿ.

ಎದೆಯ ತಾಕತ್ತು ನೋಡಲು ಡಾಕ್ಟರ ಹತ್ತಿರ ಯಂತ್ರಗಿಂತ್ರ ಇರಲಿಲ್ಲ. ಬಡಗಿಯಿಂದ ಮಾಡಿಸಿದ ಹಲಸಿನ ಹಲಗೆಯ ಎರಡು ಮೆಟ್ಟಿಲು ಇದ್ದವು. ಒಂದೂವರೆ ನಿಮಿಷ ಈ ಕಡೆ ಹತ್ತಿ ಆ ಕಡೆ ಇಳಿಯಬೇಕು. ಅವರು ಗಡಿಯಾರ ಹಿಡಿದು ನಾಡಿ ಎಣಿಸುವರು. ಎರಡು ನಿಮಿಷದೊಳಗೆ ನಾಡಿ ಮೊದಲಿನಂತಾದರೆ ಪಾಸು. ಹಳ್ಳಿಯವರು ಆ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತುತ್ತಿದ್ದರು.

ನಮ್ಮವ್ವನದು ಇನ್ನೂ ಒಂದು ಕೈ ಮೇಲೆ. ಪರೀಕ್ಷೆ ಎಂದಮೇಲೆ ಅದೂ ದೇವರ ಕಾರ್ಯವೇ ಎಂದುಕೊಂಡು, ಸೋಮವಾರವನ್ನೇ ನೋಡಿ, ನನ್ನನ್ನು ಉಪವಾಸ ಕೆಡವಿ ಕರೆತಂದಿದ್ದಳು. ಹತ್ತನೆಯ ಸುತ್ತಿಗೆ ಕಣ್ಣು ಕತ್ತಲೆ ಬಂದು ಕುಸಿದೆ. ಮುಗೀತಲ್ಲ, ಹುಡುಗಿಯ ಎದೆ ಟೊಳ್ಳು ಎಂದು ಜೊತೆಗೆ ಬಂದಿದ್ದ ದೊಡ್ಡಪ್ಪ ರುಮಾಲು ಸುತ್ತಿ ಹೊರಟೇಬಿಟ್ಟರು. ಡಾಕ್ಟರು ಮಾತ್ರ ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರು. ನೀರು ಎಂದೆ. ಆಮೇಲೆ ಅವರು ಅವ್ವನನ್ನು ಬೈದದ್ದು ಇಡೀ ಪೇಟೆಗೆ ಕೇಳಿಸಿರಬೇಕು. ನಾಳೆ ರೊಟ್ಟಿ ತಿಂದು, ಎರಡು ತಾಸು ಬಿಟ್ಟು ಬಾ ಎಂದರು.

ಮರುದಿನ ನಾನು ಮೆಟ್ಟಿಲಿಗೆ ಕೈ ಮುಗಿಯಲಿಲ್ಲ. ನೀನೋ ನಾನೋ ನೋಡೇಬಿಡೋಣ ಎಂದು ಹಲ್ಲು ಕಚ್ಚಿ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಎರಡು ನಿಮಿಷ ತುಂಬುವ ಮೊದಲೇ ನಾಡಿ ತಹಬಂದಿಗೆ ಬಂತು. ಡಾಕ್ಟರು ಪೆನ್ನು ತೆಗೆದರು.

"ಹೆಣ್ಣುಮಗಳ ವಿಷಯ ಡಾಕ್ಟ್ರ. ನಾಳೆ ಹೆಚ್ಚುಕಮ್ಮಿ ಆದ್ರ ಯಾರು ಹೊಣಿ?" ಅವತ್ತೂ ಜೊತೆಗೆ ಬಂದಿದ್ದ ದೊಡ್ಡಪ್ಪ ಕೇಳಿದರು.

"ಹೊಣೆ ನಂದು," ಡಾಕ್ಟರು ತಲೆ ಎತ್ತಲೂ ಇಲ್ಲ. ಸಿಟ್ಟು ಬಂದರೆ ಅವರಿಗೆ ‘ಇದೆ’ಗೆ ‘ಇದ್ದು’, ಹುಡುಗಿಗೆ ‘ಕೂಸು’ ಎನ್ನುವ ಮನೆಮಾತೇ ಬರುತ್ತಿತ್ತು. "ಎದೆಲಿ ಸದ್ದು ಇದ್ದು, ಹೌದು. ತಾಕತ್ತಿಗೆ ಎಂತದೂ ಕಮ್ಮಿ ಇಲ್ಲೆ. ಕೂಸಿನ್ನ ಕಳಿಸಿ."

ಮೂವತ್ತೈದು ವರ್ಷ ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲಿ ಕಲಿಸಿದೆ, ಗುಡ್ಡ ಹತ್ತಿ ಇಳಿದು. ನನ್ನ ಎದೆ ಇವತ್ತೋ ನಾಳೆಯೋ ಎಂದವರೆಲ್ಲರ ಮಣ್ಣಿಗೂ ಹೋಗಿ ಬಂದೆ, ದೊಡ್ಡಪ್ಪನದಕ್ಕೂ. ಡಾಕ್ಟರು ತೀರಿಕೊಂಡಾಗ ಮಾಗೋಡಿನ ಕಡೆಯ ಶಾಲೆಯಲ್ಲಿದ್ದೆ. ಸುದ್ದಿ ಮುಟ್ಟಿದ್ದು ಒಂಬತ್ತು ದಿನ ಕಳೆದ ಮೇಲೆ. ಹೇಳಿ ಕಳಿಸಲು ಯಾರಿಗೂ ನನ್ನ ನೆನಪಾಗಲಿಲ್ಲ...

ಪರೀಕ್ಷೆ ಮುಗಿಸಿದ ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನಾನು ಹೋಗಿ ಕೂತಿದ್ದ ಹೊರಗಿನ ಬೆಂಚಿನ ಹತ್ತಿರ ಬಂದ. "ಯಾಕ ಅಳ್ತಿ ಅಕ್ಕ? ನಂದೆಲ್ಲ ನಾರ್ಮಲ್ ಐತಿ" ಎಂದ.

ಅಳುವಲ್ಲ, ಸಿಟ್ಟು ಎಂದೆ. ಕೊನೆಗೊಮ್ಮೆ ಡಾಕ್ಟರ ಮುಖ ನೋಡುವ ಹಕ್ಕು ನನಗಿತ್ತು.