ಬಿಸಿನೀರಿಗೂ ಇಳಿಯದ ವೃಷಣ

ನರುಮಿ ಮಿಸಾವೊ ಅಂಗೈ ಬಿಚ್ಚಿದರೆ ಮೂರು ಊರಿನ ಹಿಮ ಕರಗಿ ಹೊಳೆಯಾಗುತ್ತದೆ. ಅನುಮಾನವಿದ್ದವರು ಸುಗಾರು ಬಯಲಿನ ಕಾಗೆಗಳನ್ನು ಕೇಳಬಹುದು.

ಬೆಳಗಿನ ಐದೂವರೆ. ಊರ ಆರೋಗ್ಯ ಕೇಂದ್ರದ ಈ ನರ್ಸ್ ಆಳೆತ್ತರದ ಹಿಮ ದಾಟಿ ತೋಕಿ ಅಜ್ಜಿಯ ಮನೆ ಹೊಕ್ಕವರೇ, ಕೂರದೆ, ಕೈಗಳನ್ನು ಬಿಸಿನೀರಿಗೆ ಅದ್ದುತ್ತಾರೆ. ತಣ್ಣನೆ ಬೆರಳು ತಾಗಿದರೆ ಗಂಡುಮಗುವಿನ ವೃಷಣ ಮೇಲಕ್ಕೆ ಸರಿದುಬಿಡುತ್ತದೆ. ಇಲ್ಲದ ರೋಗ ಇದ್ದಂತೆ ಕಾಣುತ್ತದೆ. ಕೊಟ್ಟ ಚಹಾ ಆರುತ್ತಿದೆ. ಅವರ ಕಣ್ಣು ಅಜ್ಜಿಯ ಹನ್ನೊಂದು ತಿಂಗಳ ಮೊಮ್ಮಗ ಇಸ್ಸೇಯ ಮೇಲೇ.

"ಚಳಿಗೆ ಅಡಗಿದೆ ಅಷ್ಟೆ, ನರುಮಿ-ಸಾನ್. ಬಿಸಿನೀರಲ್ಲಿ ಕೂರಿಸಿದ್ರೆ ತಾನೇ ಇಳಿಯುತ್ತೆ. ಇವನ ತಾತಂದೂ ಹಾಗೇ ಇತ್ತು."

"ಸತ್ತ ತಾತನ್ನ ಈಗ ಪರೀಕ್ಷೆ ಮಾಡೋಕಾಗಲ್ವಲ್ಲ ಅಜ್ಜಿ. ಇವನನ್ನ ಕೂರಿಸೋಣ."

ಮಗುವನ್ನು ಬಿಸಿನೀರಿನ ತೊಟ್ಟಿಯಿಂದ ಎತ್ತಿದಾಗ ಎಡಗಡೆಯದು ಇಳಿದಿದೆ. ಬಲಗಡೆ ಚೀಲ ಚಪ್ಪಟೆ. ಸೋಪು ಹಚ್ಚಿದ ಬೆರಳಿಗೆ ತೊಡೆಸಂದಿಯಲ್ಲಿ ಅವರೆಕಾಳಿನಂಥದ್ದು ಸಿಗುತ್ತದೆ. ಕೆಳಕ್ಕೆ ತಂದು ಬಿಟ್ಟರೆ ಮತ್ತೆ ಮೇಲೆ.

"ಇದು ಅಡಗಿದ್ದಲ್ಲ, ಇಳಿದೇ ಇಲ್ಲ. ಇವನಿಗೆ ಒಂದೂವರೆ ವರ್ಷ ತುಂಬೋದರೊಳಗೆ ಆಪರೇಷನ್ ಆಗಬೇಕು."

"ಸ್ಕೂಲಿಗೆ ಸೇರಲಿ, ಆಮೇಲೆ ನೋಡೋಣ." ಅಜ್ಜಿ ಟವೆಲ್ಲು ಬಿಗಿಯಾಗಿ ಸುತ್ತುತ್ತಾರೆ. ಮಗುವಿನ ತಾಯಿ, ಅವರ ಸೊಸೆ, ಅವರ ಮಾತು ಮೀರುವವಳಲ್ಲ.

"ಅಜ್ಜಿ, ಮೂಲಂಗಿ ಯಾಕೆ ಹಿಮದಲ್ಲಿ ಹೂತಿಡ್ತೀರಿ? ಒಲೆ ಪಕ್ಕ ಇಟ್ರೆ?"

"ಬೆಂಡಾಗುತ್ತೆ. ಅಷ್ಟೂ ಗೊತ್ತಿಲ್ವಾ ನಿಮಗೆ?"

"ಇದೂ ಅಷ್ಟೇ. ತಂಪಲ್ಲಿ ಬೆಳೀಬೇಕಾದ್ದು. ಮೈಯೊಳಗಿನ ಶಾಖಕ್ಕೆ ಅಲ್ಲೇ ಬೆಂಡಾಗುತ್ತೆ."

ಅಜ್ಜಿ ಬಿಗಿದ ಟವೆಲ್ಲು ಸಡಿಲಿಸುತ್ತಾರೆ. "ಯಾವತ್ತು ಕರ್ಕೊಂಡು ಬರಬೇಕು?"

ಇಪ್ಪತ್ತೆರಡು ವರ್ಷಗಳಲ್ಲಿ ಮಿಸಾವೊ ಒಂಬತ್ತು ಲಕ್ಷ ಮಕ್ಕಳನ್ನು ನೋಡಿದ್ದಾರೆ, ಒಂದೂ ತಪ್ಪಿಲ್ಲ ಎಂದು ಬರೆದು, ಜೊತೆಗೆ ಹೋಗಿದ್ದ ನಾನು ಈ ಬರಹವನ್ನು ಅವರಿಗೆ ಓದಲು ಕೊಟ್ಟೆ. ಮುಂದಿನ ಮನೆಗೆ ಹೊರಟಿದ್ದವರು ಬೂಟು ಹಾಕುತ್ತಲೇ ಓದಿದರು.

"ಒಂಬತ್ತು ಲಕ್ಷನಾ? ಊರಲ್ಲಿರೋದೇ ಆರು ಸಾವಿರ ಜನ. ಹಿಮ ಕರಗಿಸೋದು ಇರಲಿ, ಕಾಗೆಗಳಿಗೆ ಖುಷಿಯಾಗುತ್ತೆ. 'ಒಂದೂ ತಪ್ಪಿಲ್ಲ' ಅನ್ನೋದನ್ನ ಮಾತ್ರ ಹೊಡೆದುಹಾಕಿ."

ಅವರು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ. "ಸ್ನಾನ ಮಾಡಿಸುವಾಗ ಇಳಿಯುತ್ತೆ" ಎಂದ ಒಬ್ಬ ಅಜ್ಜಿಯ ಮಾತು ನಂಬಿ, ಕೂತು ಚಹಾ ಕುಡಿಯುತ್ತಾ, ಮುಟ್ಟಿಯೂ ನೋಡದೆ 'ಸರಿಯಿದೆ' ಎಂದು ಗುರುತು ಹಾಕಿದ್ದರು. ಆ ಹುಡುಗನಿಗೆ ಒಂಬತ್ತು ತುಂಬಿದಾಗ ವೃಷಣ ಎಷ್ಟು ಸೊರಗಿತ್ತೆಂದರೆ, ತೆಗೆದೇಹಾಕಬೇಕಾಯಿತು. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ಕುಗ್ಗಿದ ಕೊಳವೆಗಳು, ನಡುವೆ ಗಾಯದ ಕಲೆಯಂಥ ಗಟ್ಟಿ ನಾರು, ವೀರ್ಯಾಣು ಹುಟ್ಟಿಸುವ ಜೀವಕೋಶಗಳು ಬೆರಳೆಣಿಕೆಯಷ್ಟು.

"ಅವತ್ತಿಂದ ಯಾರ ಮನೇಲೂ ಕೂತು ಚಹಾ ಕುಡಿದಿಲ್ಲ ನಾನು," ಎಂದರು ಮಿಸಾವೊ.

ಆದ್ದರಿಂದ ಒಪ್ಪಿಕೊಳ್ಳುತ್ತೇನೆ. ಒಂಬತ್ತು ಲಕ್ಷ ನನ್ನ ಸುಳ್ಳು. ಅವರು ನೋಡಿದ್ದು ಸುಮಾರು ಏಳುನೂರು ಗಂಡುಮಕ್ಕಳನ್ನು. ಸಮಯಕ್ಕೆ ಸರಿಯಾಗಿ ಪತ್ತೆ ಹಚ್ಚಿದ್ದು ಹದಿಮೂರು, ಇಸ್ಸೇಯೂ ಸೇರಿ. ತಪ್ಪಿದ್ದು ಒಂದು.