ಸುಮ್ಮನಿಡಬೇಕಾಗಿದ್ದ ಆರು ತಟ್ಟೆಗಳು

ಅವರನ್ನು ನಾನು ಮೊದಲು ನೋಡಿದ್ದು ಪ್ರಯೋಗಾಲಯದ ಕಾರಿಡಾರಿನಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಪ್ರವೇಶ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು, ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ನಿಂತಿದ್ದೆ. ನೀಲಿ ಕೋಟು ತೊಟ್ಟ, ನಲವತ್ತೈದರ ಆಸುಪಾಸಿನ ಕುಳ್ಳಗಿನ ಹೆಂಗಸೊಬ್ಬರು ಎರಡೂ ಕೈಯಲ್ಲಿ ಟ್ರೇ ಹಿಡಿದು ಬಿರಬಿರನೆ ಬಂದರು. ನನ್ನನ್ನು ದಾಟಿ ಹೋದವರು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ನನ್ನ ಚಪ್ಪಲಿ ನೋಡಿದರು.

"ಹೊಸಬನಾ?"

"ಹೌದು ಮೇಡಂ."

"ಮೇಡಂ ಗೀಡಂ ಬೇಡ. ಇಲ್ಲಿ ಎಲ್ಲರಿಗೂ ನಾನು ಅಕ್ಕ. ಚಪ್ಪಲಿ ಅಲ್ಲಿ ಬಿಡು, ಈ ಬಾಗಿಲು ತೆಗಿ, ನನ್ನ ಕೈ ಖಾಲಿ ಇಲ್ಲ. ಹೀಗೆ ನಿಂತಿದ್ರೆ ಕಂಬ ಆಗಿಬಿಡ್ತೀಯ."

ಆ ಒಳಕೋಣೆಯಲ್ಲಿ ಜೀವಕೋಶಗಳನ್ನು ಸಾಕುತ್ತಿದ್ದರು. ದನಕರು ಸಾಕಿದ ಮನೆಯಿಂದ ಬಂದ ನನಗೆ 'ಸಾಕುವುದು' ಎಂಬ ಮಾತು ಚೆನ್ನಾಗಿ ಅರ್ಥವಾಯಿತು. ಕಣ್ಣಿಗೆ ಕಾಣದ್ದನ್ನು ಸಾಕುವುದು ಹೇಗೆಂಬುದನ್ನು ಅಕ್ಕನೇ ಕಲಿಸಿದರು. ಹೊತ್ತಿಗೆ ಸರಿಯಾಗಿ ಆಹಾರದ ದ್ರವ ಬದಲಿಸಬೇಕು, ಮೈಶಾಖದಷ್ಟೇ ಬಿಸಿ ಇರಬೇಕು, ಉಸಿರು ಕೂಡ ತಾಗಬಾರದು. ಹದಿನಾರು ವರ್ಷದ ಹಿಂದೆ ಗಾಜಿನ ಸಾಮಾನು ತೊಳೆಯಲು ಸೇರಿದ್ದ ಅಕ್ಕ ಇದನ್ನೆಲ್ಲ ನೋಡಿ ನೋಡಿಯೇ ಕಲಿತವರು. ಈಗಲೂ ಕೆಲಸ ಗುತ್ತಿಗೆಯದೇ. ಪ್ರತಿ ವರ್ಷ ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರ ಸಹಿ ಬಿದ್ದರೆ ಮುಂದಿನ ವರ್ಷ.

ಹುಡುಗರು ಬೆನ್ನ ಹಿಂದೆ ಅವರನ್ನು ಪಾದರಸ ಎನ್ನುತ್ತಿದ್ದರು. ಅವರು ಕೂತದ್ದನ್ನು ಕಂಡವರಿರಲಿಲ್ಲ. ಊಟವೂ ನಿಂತುಕೊಂಡೇ, ಡಬ್ಬಿ ಕಿಟಕಿಯ ಕಟ್ಟೆಯ ಮೇಲೆ. ಅವರ ಗಂಡ ಗಡಿಯಾರ ರಿಪೇರಿ ಮಾಡುವವರು. "ನಮ್ಮನೆಯವರು ಕೂತ್ರೆ ಬೇರು ಬಿಡ್ತಾರೆ. ಇಬ್ಬರ ಪಾಲಿನ ಓಡಾಟ ನಾನೊಬ್ಬಳೇ ಓಡ್ಬೇಕು," ಎನ್ನುತ್ತಿದ್ದರು. ಆದರೆ ಈ ಚಡಪಡಿಕೆ ಹುಟ್ಟಿನಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಎರಡು ದಿನ ರಜೆ ಮುಗಿಸಿ ಬಂದು ನೋಡಿದಾಗ ಜೀವಕೋಶ ಬೆಳೆಸಿದ್ದ ಇಡೀ ಕಪಾಟಿನ ತಟ್ಟೆಗಳಿಗೆ ಬೂಷ್ಟು ಹಿಡಿದಿತ್ತಂತೆ. ಒಬ್ಬ ವಿದ್ಯಾರ್ಥಿನಿಯ ಒಂದು ವರ್ಷದ ಶ್ರಮ ಮಣ್ಣುಪಾಲಾಯಿತು. ಅಂದಿನಿಂದ ಅಕ್ಕನಿಗೆ ತಟ್ಟೆಗಳನ್ನು ಕಣ್ಣಾರೆ ಕಾಣದಿದ್ದರೆ ಸಮಾಧಾನವಿಲ್ಲ.

ನನ್ನ ಮೊದಲ ಪ್ರಯೋಗ ರಕ್ತನಾಳದ ಒಳಪದರದ ಜೀವಕೋಶಗಳ ಮೇಲೆ. ನಾಡಿ ಬಡಿದಾಗಲೆಲ್ಲ ರಕ್ತನಾಳ ಹಿಗ್ಗಿ ಕುಗ್ಗುತ್ತದೆ. ಆ ಎಳೆತವನ್ನು ಜೀವಕೋಶ ಅರಿಯುವುದು ತನ್ನ ಹೊರಪೊರೆಯ ಮೇಲಿರುವ ರಿಸೆಪ್ಟರುಗಳಿಂದ. ಎಳೆತ ತಾಗಿದರೆ ಅವು ಎಚ್ಚರಗೊಂಡು ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುತ್ತವೆ. ಹನ್ನೆರಡು ತಟ್ಟೆಗಳಿಗೂ ರಬ್ಬರಿನ ತಳ; ಆರನ್ನು ಯಂತ್ರಕ್ಕೆ ಬಿಗಿದರೆ ಅದು ದಿನವಿಡೀ ನಾಡಿಯಂತೆ ಎಳೆದು ಬಿಡುತ್ತದೆ. ಇನ್ನಾರು ತಟ್ಟೆಗಳು ಹೋಲಿಕೆಗೆ. ಅವನ್ನು ಮೈಶಾಖ ಕಾಪಾಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನಲ್ಲಿ ಸುಮ್ಮನಿಡಬೇಕು, ಯಾರೂ ಮುಟ್ಟಕೂಡದು. ಪ್ರೊಫೆಸರರು ಇದನ್ನು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡೇ ಹೇಳಿದ್ದರು.

ಮೂರು ಸಲ ಮಾಡಿದೆವು. ಮೂರು ಸಲವೂ ಸುಮ್ಮನಿಟ್ಟ ತಟ್ಟೆಗಳಲ್ಲಿ ಹೆಚ್ಚಿನವುಗಳ ರಿಸೆಪ್ಟರುಗಳು ಎಳೆದವುಗಳಷ್ಟೇ ಎಚ್ಚರಗೊಂಡಿದ್ದವು.

"ಎಳೆಯದೇ ಇರೋ ತಟ್ಟೆ ಯಾಕಪ್ಪ ಎಚ್ಚರ ಆಗತ್ತೆ?" ಪ್ರೊಫೆಸರರು ಕಾಗದದಿಂದ ತಲೆ ಎತ್ತಲಿಲ್ಲ. "ಹೆಸರು ಚೀಟಿ ಬರೆದಿದ್ದು ಯಾರು?"

"ನಾನು ಸರ್."

"ಎಳೆದ ತಟ್ಟೆಯ ಜೀವಕೋಶಕ್ಕೇ ಎರಡೂ ಚೀಟಿ ಹಾಕಿದೀಯ. ಮೂರು ಸಲ ಮಾಡಿದೀಯ. ಚೀಟಿ ಅಂಟಿಸೋಕೆ ಬರದವನಿಗೆ ಇಲ್ಲಿ ಕೆಲಸ ಇಲ್ಲ. ಸೋಮವಾರ ಬಂದು ನಿನ್ನ ಸೀಟು ಬಿಡೋ ಅರ್ಜಿ ಕೊಡು."

ಚೀಟಿಗಳನ್ನು ನಾನು ಎರಡೆರಡು ಸಲ ನೋಡಿ ಅಂಟಿಸಿದ್ದೆ. ಆದರೆ ಅಷ್ಟು ಖಚಿತವಾಗಿ ಬೈಸಿಕೊಂಡ ಮೇಲೆ ನನ್ನ ಕೈಯ ಮೇಲೆ ನನಗೇ ಅನುಮಾನ ಹುಟ್ಟಿತು. ಒಳಕೋಣೆಗೆ ಬಂದು ಫಲಿತಾಂಶದ ಹಾಳೆಯನ್ನು ಮೇಜಿನ ಮೇಲೆ ಹರಡಿ ಕೂತೆ. ಅಕ್ಕ ಸುತ್ತುತ್ತಲೇ ಇದ್ದರು. ನಲ್ಲಿ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಆರಕ್ಕೆ ಆರೂ ಕೆಟ್ಟಿದ್ಯಾ?"

"ಇಲ್ಲ ಅಕ್ಕ, ನಾಲ್ಕು. ಎರಡು ಸರಿಯಾಗೇ ಇವೆ. ಮೂರು ಸಲನೂ ಅಷ್ಟೇ. ಅದೂ ಅವೇ, ಐದು ಮತ್ತು ಆರು."

ಅವರ ಕೈಯ ಬಟ್ಟೆ ನಿಂತಿತು. "ಐದು ಆರು ಎಲ್ಲಿಡ್ತಿದ್ದೆ ನೀನು?"

"ಮೇಲಿನ ಅರೆಯಲ್ಲಿ, ಹಿಂದುಗಡೆ."

ಅಕ್ಕ ಸ್ಟೂಲು ಎಳೆದು ಕೂತರು. ಅವರು ಕೂತದ್ದು ಕಂಡು ನನಗೆ ಗಾಬರಿಯಾಯಿತು.

"ನನ್ನ ಕೈ ಅಲ್ಲೀವರೆಗೆ ಎಟುಕಲ್ಲ ಕಣೋ," ಎಂದರು.

ಆಮೇಲೆ ತಡವರಿಸುತ್ತ ಹೇಳಿದರು. ಬೂಷ್ಟಿನ ಭಯಕ್ಕೆ ಅವರು ಗಂಟೆಗೊಮ್ಮೆ ಮುಂದಿನ ನಾಲ್ಕು ತಟ್ಟೆಗಳನ್ನು ಟ್ರೇಯಲ್ಲಿಟ್ಟುಕೊಂಡು ಕಾರಿಡಾರಿನ ಆ ತುದಿಯ ಸೂಕ್ಷ್ಮದರ್ಶಕದವರೆಗೆ ಓಡುತ್ತಿದ್ದರು. ಯಂತ್ರಕ್ಕೆ ಬಿಗಿದವನ್ನು ಬಿಚ್ಚುವಂತಿರಲಿಲ್ಲ, ಹಾಗಾಗಿ ಇವನ್ನಾದರೂ ನೋಡೋಣವೆಂದು. ದಾರಿಯುದ್ದಕ್ಕೂ ತಟ್ಟೆಯ ದ್ರವ ತುಳುಕಿ ಜೀವಕೋಶಗಳ ಮೈಮೇಲೆ ಉಜ್ಜುತ್ತಿತ್ತು, ಮೇಲೆ ಹೊರಗಿನ ತಣ್ಣನೆ ಗಾಳಿ. ಯಂತ್ರ ಎಳೆಯುವುದಕ್ಕೂ ಅಕ್ಕ ಓಡುವುದಕ್ಕೂ ಆ ರಿಸೆಪ್ಟರುಗಳ ಪಾಲಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಸರ್‌ಗೆ ಹೇಳ್ಬೇಡಿ ಅಕ್ಕ. ಈ ತಿಂಗಳೇ ನಿಮ್ಮ ಗುತ್ತಿಗೆ ಮುಗಿಯೋದು. ಹಿಂದಿನೆರಡು ತಟ್ಟೆ ತೋರಿಸಿ ಇನ್ನೊಂದು ಸಲ ಮಾಡ್ತೀನಿ ಅಂತ ನಾನೇ ಕೇಳ್ಕೋತೀನಿ."

"ನೀನು ಕೇಳ್ಕೊಂಡು ಅವರು ಒಪ್ಪದಿದ್ರೆ? ಚೀಟಿ ಅಂಟಿಸೋಕೆ ಬರದವನು ಅಂತ ಹಣೆಪಟ್ಟಿ ಹೊತ್ಕೊಂಡು ಊರಿಗೆ ಹೋಗ್ತೀಯಾ? ಏಳು, ಕೂತಿದ್ರೆ ನನ್ನ ಧೈರ್ಯ ಇಳಿದುಹೋಗತ್ತೆ."

ಪ್ರೊಫೆಸರರ ಮುಂದೆ ಅಕ್ಕ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು. ಅವರು ತಕ್ಷಣ ನಂಬಲಿಲ್ಲ. ಮರುದಿನ ತಾವೇ ಚೀಟಿ ಅಂಟಿಸಿ, ಮೂರು ತಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲೇ ಬಿಟ್ಟು, ಇನ್ನು ಮೂರನ್ನು ಎಂದಿನಂತೆಯೇ ಒಯ್ದು ತರಲು ಅಕ್ಕನಿಗೆ ಹೇಳಿದರು. ತಮ್ಮ ವಿರುದ್ಧದ ಸಾಕ್ಷಿಯನ್ನು ಅಕ್ಕ ತಮ್ಮ ಕಾಲಿನಿಂದಲೇ ಎಂಟು ಸಲ ಒದಗಿಸಿದರು. ಫಲಿತಾಂಶ ಬಂತು: ಒಯ್ದ ಮೂರೂ ಎಚ್ಚರ, ಬಿಟ್ಟ ಮೂರೂ ಶಾಂತ.

ನನ್ನ ಅರ್ಜಿಯ ಮಾತು ಮತ್ತೆ ಬರಲಿಲ್ಲ. ಪ್ರೊಫೆಸರರು ಅಕ್ಕನ ಕಾಗದಕ್ಕೆ ಸಹಿ ಹಾಕಿದರು, ಜೊತೆಗೆ ಒಳಕೋಣೆಯ ಕೀಲಿಯನ್ನು ವಾಪಸು ಪಡೆದರು. "ನಿಮ್ಮನ್ನು ಬಿಡೋಕೆ ಆಗಲ್ಲ. ಅಲ್ಲಿ ಇಟ್ಕೊಳ್ಳೋಕೂ ಆಗಲ್ಲ," ಎಂದರು. ಅಕ್ಕ ತಲೆಯಾಡಿಸಿ, ಕೀಲಿಗೊಂಚಲಿನಿಂದ ಆ ಒಂದು ಕೀಲಿ ಬಿಡಿಸಲು ಬಹಳ ಹೊತ್ತು ತೆಗೆದುಕೊಂಡರು.

ಈಗ ಅವರು ಅದೇ ಕಟ್ಟಡದ ನಾಲ್ಕೂ ಮಹಡಿಗಳ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಗಂಟೆಗೊಂದು ಸುತ್ತು ಹಾಕಿ ಫ್ರೀಜರು, ಇನ್‌ಕ್ಯುಬೇಟರುಗಳ ಹೊರಗಿನ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಯಾವ ಬಾಗಿಲನ್ನೂ ತೆರೆಯುವುದಿಲ್ಲ.